ಒತ್ತುವ ಮೊದಲೇ ಕೇಳಿದ ಕೂಗು

ಮೊದಲೇ ಕ್ಷಮೆ ಕೇಳುತ್ತೇನೆ. ನನಗೆ ಬರೆದು ಅಭ್ಯಾಸವಿಲ್ಲ. ನಗುವ ಜಾಗ ಬರುವ ಮೊದಲೇ ವಿವರಿಸಿ ಕೆಡಿಸಿಬಿಡುತ್ತೇನೆ. ಹುಣಸೂರಿನಲ್ಲಿ ನನ್ನದೊಂದು ಆಕ್ಯುಪ್ರೆಶರ್ ಕೊಠಡಿ ಇದೆ. ಅಂದರೆ ಚೀನಾದ ಪದ್ಧತಿಯಂತೆ ಕೈಕಾಲಿನ ಕೆಲವು ಜಾಗಗಳನ್ನು ಬೆರಳಿನಿಂದ ಒತ್ತುವುದು. ಸೂಜಿ ಇಲ್ಲ, ಎಣ್ಣೆ ಇಲ್ಲ. ನೋವು ಕಳೆಯಲು ಬಂದವರಿಗೆ ಇನ್ನಷ್ಟು ನೋವು ಕೊಡುವ ಕೆಲಸವಾದ್ದರಿಂದ ಇಂಥ ಪ್ರಸಂಗಗಳು ನಡೆಯುತ್ತಲೇ ಇರುತ್ತವೆ.

೧. ಬದಲಿ ಕೂಗು

ಒಬ್ಬ ಬಡಗಿ ಭಾಯಿ ಹೆಂಡತಿಯ ಜೊತೆ ಬರುತ್ತಾರೆ. ಆಕೆಯನ್ನು ನಾನು ಆಪಾ, ಅಂದರೆ ಅಕ್ಕ, ಎಂದು ಕರೆಯುತ್ತೇನೆ. ಲಕ್ವ ಹೊಡೆದು ಅವರ ಬಲಗೈಗೆ ಸ್ಪರ್ಶವೇ ತಿಳಿಯುವುದಿಲ್ಲ. ಅವರು ಮತ್ತೆ ಉಳಿ ಹಿಡಿಯಲೆಂದು ಆಪಾ ಮನೆಯಲ್ಲಿ ಉಳಿಗಳಿಗೆ ದಿನಾ ಎಣ್ಣೆ ಹಚ್ಚಿಡುತ್ತಾರೆ. ನೋವಾದರೆ ಸ್ಪರ್ಶ ಮರಳುತ್ತಿದೆ ಎಂದರ್ಥ, ಆದ್ದರಿಂದ ಕೂಗಬೇಕು ಎಂದಿದ್ದೆ. ಒತ್ತಿದೆ. ಭಾಯಿ ಸುಮ್ಮನಿದ್ದರು. ಪಕ್ಕದಲ್ಲಿದ್ದ ಆಪಾ "ಯಾ ಅಲ್ಲಾ" ಎಂದು ಕೂಗಿದರು.

"ನಿಮಗ್ಯಾಕೆ ಆಪಾ ನೋವು?"

"ಇವ್ರು ಕೂಗಲಿಲ್ವಲ್ಲ ಸಾರ್. ಯಾರಾದ್ರೂ ಒಬ್ರು ಕೂಗ್ಬೇಕಲ್ಲ."

೨. ಮುಂಗಡ ಕೂಗು

ಮುಂದಿನ ವಾರ ಭಾಯಿ "ಅಯ್ಯಪ್ಪಾ" ಎಂದು ಚೀರಿದರು. ಆಪಾ ಕಣ್ಣೊರೆಸಿಕೊಂಡು ಎಲ್ಲರಿಗೂ ಟೀ ತರಲು ಓಡಿದರು. ತೊಂದರೆ ಏನೆಂದರೆ, ನಾನಿನ್ನೂ ಟವೆಲಿನಲ್ಲಿ ಕೈ ಒರೆಸಿಕೊಳ್ಳುತ್ತಿದ್ದೆ.

"ಭಾಯಿ, ನಾನಿನ್ನೂ ಮುಟ್ಟೇ ಇಲ್ಲ."

"ಗೊತ್ತು ಬುಡಿ ಸಾರ್. ಇನ್ನು ಸರಿಹೋಗಲ್ಲ ಅಂತ ಆಸ್ಪತ್ರೇಲಿ ಹೇಳಾಯ್ತು. ನಾನು ಕೂಗಿದ್ ದಿನ ಅವಳಿಗೆ ನಿದ್ದೆ ಬತ್ತದೆ. ಸುಮ್ನೆ ಒತ್ತಿ."

೩. ಎರಡೂ ಕಡೆಯವರು

ನಿನ್ನೆ ಆಪಾ ಒಬ್ಬರೇ ಬಂದು ಹೇಳಿದರು: "ಮೊನ್ನೆ ಬಿಸಿ ಟೀ ಬಿದ್ದು ಆ ಕೈಗೆ ಬೊಬ್ಬೆ ಬಂತು ಸಾರ್. ಇವ್ರು ಪೇಪರ್ ಓದ್ತಾನೇ ಕೂತಿದ್ರು. ನಂಗೆ ಎಲ್ಲಾ ಗೊತ್ತಾಯ್ತು."

ನಾನು ತಲೆ ತಗ್ಗಿಸಿದೆ.

"ಒತ್ತೋದು ಮಾತ್ರ ನಿಲ್ಲಿಸ್ಬೇಡಿ. ಮನೇಲಿ ಬಾಯೇ ಬಿಡಲ್ಲ, ಇಲ್ಲಾದ್ರೂ ಧ್ವನಿ ಕೇಳ್ತದೆ."

"ಅವರು ಕೂಗಿದ ದಿನ ನಿಮಗೆ ನಿದ್ದೆ ಬರುತ್ತಂತೆ?"

"ಎಲ್ಲಿ ನಿದ್ದೆ? ಕಣ್ಮುಚ್ಕೊಂಡು ಬಿದ್ದಿರ್ತೀನಿ. ಇಲ್ಲಾಂದ್ರೆ ಅವ್ರು ಮಲಗಲ್ಲ."

೪. ಇವತ್ತು

ಬೊಬ್ಬೆ ಬಂದ ಕೈಯನ್ನು ಒತ್ತುವಂತಿಲ್ಲ. ಹಾಗಾಗಿ ಇವತ್ತು ಭಾಯಿಯ ಎಡಗೈ ಒತ್ತಬೇಕು. ಅದು ಸರಿಯಿರುವ ಕೈ, ನಿಜವಾಗಿ ನೋಯುತ್ತದೆ. ಪಾಪ, ಅವರಿಗೆ ಇನ್ನೂ ಹೇಳಿಲ್ಲ. ನಿಮಗೂ ತಿಳಿದಿರಲಿ, ಹೆಬ್ಬೆರಳು ತೋರುಬೆರಳು ಸೇರುವ ಕಡೆ ಒಂದು ಜಾಗವಿದೆ, ಅಲ್ಲಿ ಮೆಲ್ಲಗೆ ಒತ್ತಿದರೂ ಎಂಥವರೂ—

ಆಪಾ ಬಾಗಿಲಲ್ಲಿ ಕರೆಯುತ್ತಿದ್ದಾರೆ: "ಬೇಗ ಬನ್ನಿ ಸಾರ್, ಇವ್ರು ಆಗ್ಲೇ ಕೂಗ್ತಾವ್ರೆ."