ಮೇ, ಮಸ್ಟ್ ಮತ್ತು ಭಾವಮೈದುನನ ರೂಮು

ಕನ್ನಡದಲ್ಲಿ ಹುಟ್ಟಿ ಬೆಳೆದವನಿಗೆ ಇಂಗ್ಲಿಷಿನ ‘ಹ್ಯಾವ್’ ಎಂಬ ಪದ ಪೂರ್ತಿಯಾಗಿ ಎಂದೂ ಒಗ್ಗುವುದಿಲ್ಲ ಎಂಬುದು ನನ್ನ ಅನುಭವ. ನಮ್ಮಲ್ಲಿ ಕೊಡೆ ನಮ್ಮ ಹತ್ತಿರ ಇರುತ್ತದೆ, ನೆಗಡಿ ನಮಗೆ ಬಂದಿರುತ್ತದೆ, ಹೆಂಡತಿ ಮನೆಯಲ್ಲಿರುತ್ತಾಳೆ. ಒಂದೊಂದಕ್ಕೂ ಅದರದರ ಮರ್ಯಾದೆ. ಇಂಗ್ಲಿಷಿನವರು ಕೊಡೆ, ನೆಗಡಿ, ಹೆಂಡತಿ ಮೂರನ್ನೂ ಒಂದೇ ಹ್ಯಾವ್‌ನೊಳಗೆ ತುರುಕಿ ಕೈತೊಳೆದುಕೊಳ್ಳುತ್ತಾರೆ. ಗದಗದ ಕಡೆಯಿಂದ ಮುಂಬಯಿಗೆ ಬಂದು ಪರೇಲಿನ ಒಂದು ಆಫೀಸಿನಲ್ಲಿ ಗುಮಾಸ್ತನಾದ ಮೇಲೆ ಈ ಹ್ಯಾವ್ ನನ್ನ ಬೆನ್ನುಹತ್ತಿತು. ಒಮ್ಮೆ ನಮ್ಮ ಸಾಹೇಬರು, ಮನೆಯಲ್ಲಿ ಯಾರ್ಯಾರು ಇದ್ದಾರೆ ಎಂದು ವಿಚಾರಿಸಿದಾಗ ನಾನು ವಿನಯದಿಂದ ‘ಐ ಆಮ್ ಹ್ಯಾವಿಂಗ್ ಮೈ ಬ್ರದರ್-ಇನ್-ಲಾ, ಸರ್’ ಎಂದೆ. ಅವರು ಕನ್ನಡಕ ತೆಗೆದು, ‘ಮಧ್ಯಾಹ್ನದ ಊಟಕ್ಕೋ, ರಾತ್ರಿಯದಕ್ಕೋ?’ ಎಂದು ಕೇಳಿದರು. ಹಾಗೆ ಹೇಳಿದರೆ ಭಾವಮೈದುನನನ್ನು ತಿನ್ನುತ್ತಿದ್ದೇನೆ ಎಂಬ ಅರ್ಥವೂ ಬರುತ್ತದಂತೆ. ಇಡೀ ಆಫೀಸು ನಕ್ಕಿತು. ನಿಜ ಸಂಗತಿ ತಿರುವುಮುರುವಾಗಿತ್ತು ಎಂದು ನಾನು ಯಾರಿಗೂ ಹೇಳಲಿಲ್ಲ.

ಆ ವಾರವೇ ಅಂಧೇರಿ ಸ್ಟೇಷನ್ನಿನ ಹತ್ತಿರ, ಒಂದು ಲಾಂಡ್ರಿಯ ಮಾಳಿಗೆಯ ಮೇಲೆ ಪಿಂಟೊ ಮಾಸ್ತರರು ನಡೆಸುತ್ತಿದ್ದ ಇಂಗ್ಲಿಷ್ ಕ್ಲಾಸಿಗೆ ಸೇರಿದೆ. ಕೆಳಗಿನಿಂದ ಇಸ್ತ್ರಿಯ ಬಿಸಿ, ಮೇಲಿನಿಂದ ತಗಡಿನ ಬಿಸಿ, ನಡುವೆ ನಾವು. ಮಾಸ್ತರರು ಹ್ಯಾವ್‌ಗೆ ಜೊತೆಗಾರರನ್ನು ಕೂಡಿಸುವುದನ್ನು ಕಲಿಸಿದರು. ಮುಂದೆ ಮೇ, ಮಸ್ಟ್, ಶುಡ್, ಕುಡ್; ಅದರ ಹಿಂದೆ ಪ್ರಾಬಬ್ಲಿ, ಸರ್ಟನ್ಲಿ, ಆಲ್ರೆಡಿ, ಹಾರ್ಡ್ಲಿ; ಆಮೇಲೆ ಹ್ಯಾವ್. ಮದುವೆ ಮೆರವಣಿಗೆಯಲ್ಲಿ ಮುಂದೆ ಬಾಜಾದವರು, ಅವರ ಹಿಂದೆ ಬೀಗರು, ಕೊನೆಗೆ ವರ ಬಂದ ಹಾಗೆ ಕಳೆಕಟ್ಟಿತು. ಬರಿಯ ‘ಐ ಹ್ಯಾವ್’ ಅನ್ನುವವರನ್ನು ಕಂಡರೆ ನನಗೆ ಕನಿಕರವಾಗತೊಡಗಿತು. ಈ ಜೊತೆಗಾರರನ್ನು ಎಲ್ಲಿ ಕೂಡಿಸಬೇಕು ಎಂದು ಮಾಸ್ತರರು ಹೇಳಿದ ದಿನ ನಾನು ಮುಂದಿನ ಬೆಂಚಿನಲ್ಲಿದ್ದೆ. ಎಲ್ಲಿ ಕೂಡಿಸಬಾರದು ಎಂದು ಹೇಳಿದ ದಿನ ನನಗೆ ಲೋಕಲ್ ರೈಲು ತಪ್ಪಿತ್ತು.

ಈ ಭಾವಮೈದುನ ಅಂದರೆ ನನ್ನ ಹೆಂಡತಿ ಶಾಂತಾಳ ತಮ್ಮ ಶಿವಾನಂದ. ಜೋಗೇಶ್ವರಿಯ ಒಂದು ಕಾರಖಾನೆಯಲ್ಲಿ ಫಿಟ್ಟರ್. ಅಲ್ಲೇ ಸಾಲುಮನೆಗಳ ಚಾಳಿನಲ್ಲಿದ್ದ ನಮ್ಮ ಮನೆಯೆಂದರೆ ಒಂದು ಕೋಣೆ, ಒಂದು ಅಡುಗೆಮನೆ. ಕೋಣೆಯಲ್ಲಿ ನಾನು, ಶಾಂತಾ, ಇಬ್ಬರು ಹೆಣ್ಣುಮಕ್ಕಳು, ಅಡುಗೆಮನೆಯಲ್ಲಿ ಶಿವಾನಂದ. ಆಳು ಉದ್ದ. ಅವನು ಮಲಗಿದ ಮೇಲೆ ನೀರು ಕುಡಿಯಬೇಕಾದರೆ ಅವನನ್ನು ದಾಟಬೇಕು, ಆದ್ದರಿಂದ ನಾವೆಲ್ಲ ಮೊದಲೇ ಕುಡಿದು ಮಲಗುತ್ತಿದ್ದೆವು. ಪಕ್ಕದ ಗಲ್ಲಿಯಲ್ಲಿ ಒಬ್ಬ ಮಾಲೀಕ ಹೊಸ ಚಾಳು ಕಟ್ಟಿಸುತ್ತಿದ್ದ. ಅದರಲ್ಲಿ ಒಂದು ರೂಮು ಶಿವಾನಂದನಿಗೆ ಎಂದು ಮಾತಾಗಿತ್ತು. ಗೋಡೆಗಳು ಎದ್ದಿದ್ದವು, ಮೇಲೆ ಮಾತ್ರ ಆಕಾಶವಿತ್ತು. ಹುಡುಗನಿಗೆ ಮದುವೆಯಾದರೆ ಮಾಲೀಕನ ಬೆನ್ನುಹತ್ತಲು ಒಂದು ಕಾರಣ ಸಿಗುತ್ತದೆ, ಅಡುಗೆಮನೆ ಖಾಲಿಯಾಗುತ್ತದೆ ಎಂಬ ಆಸೆಯಿಂದ ನಾನೇ ಹೆಣ್ಣು ಹುಡುಕಿದೆ.

ಹುಡುಗಿ ವಿಮಲಾ. ಮೂಲ ಧಾರವಾಡದ ಕಡೆಯವರಾದರೂ ಹುಟ್ಟಿದ್ದು ಅಂಧೇರಿಯಲ್ಲಿ, ಟೈಪಿಸ್ಟ್ ಕೆಲಸ. ತಂದೆ ಇರಲಿಲ್ಲ. ಮದುವೆಯ ಮಾತು ಆಡುವವರು ಅವಳ ಸೋದರಮಾವ. ಅವರು ಬಹಳ ವರ್ಷ ಕಲಕತ್ತೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದು ಕನ್ನಡ ಮರೆತಿದ್ದರು. ಈ ಸುದ್ದಿ ಕೇಳಿದ ದಿನದಿಂದ ಲೋಕಲ್‌ನಲ್ಲಿ ನಿಂತು ತುಟಿಯಲ್ಲೇ ಇಂಗ್ಲಿಷ್ ವಾಕ್ಯ ಕಟ್ಟತೊಡಗಿದೆ. ಎದುರಿಗಿದ್ದವರು ಜಪವೆಂದು ತಿಳಿದು ಜಾಗ ಬಿಟ್ಟರು. ಶಾಂತಾ ಅಂದಳು: “ಹಿಂದ್ಯಾಗ ಮಾತಾಡ್ರಿ ಸಾಕು. ಕಾಯಿಪಲ್ಯಾದವರ ಜೋಡಿ ಮಾತಾಡಂಗಿಲ್ಲೇನು?” ಕಲಕತ್ತೆಯ ದೊಡ್ಡ ಮನುಷ್ಯರೂ ಬದನೆಕಾಯಿಯೂ ಒಂದೇ ಏನು ಎಂದು ನಾನು ಸಿಟ್ಟಾದೆ.

ಒಂದು ಭಾನುವಾರ ನಾನು, ಶಾಂತಾ, ಶಿವಾನಂದ ಮೂವರೂ ಹುಡುಗಿಯ ಮನೆಗೆ ಹೊರಟೆವು. ಹುಡುಗಿಯ ತಾಯಿ ಬಾಗಿಲಲ್ಲೇ “ಬರ್ರಿ, ಬರ್ರಿ” ಎಂದು ಬಾಯಿತುಂಬ ಕರೆದು, ಶಿರಾ, ಉಪ್ಪಿಟ್ಟು ತಂದಿಟ್ಟರು. ಸೋದರಮಾವ ಎದುರಿನ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ಶಿರಾ ನನ್ನ ಗಂಟಲಲ್ಲಿರುವಾಗಲೇ ಮೊದಲ ಪ್ರಶ್ನೆ ಬಂತು: “ಡಸ್ ದ ಬಾಯ್ ಹ್ಯಾವ್ ಎ ರೂಮ್?”

ಮುಂಬಯಿಯಲ್ಲಿ ವರನ ಬಣ್ಣ, ಎತ್ತರ ಆಮೇಲೆ, ಮೊದಲು ರೂಮು. ನಾನು ಶಿರಾ ನುಂಗಿ ಹೇಳಿದೆ: “ಹೀ ಮಸ್ಟ್ ಸರ್ಟನ್ಲಿ ಹ್ಯಾವ್ ಎ ರೂಮ್, ಸರ್.”

“ಮಸ್ಟ್?” ಎಂದು ಅವರು ಹುಬ್ಬೇರಿಸಿದರು. ರೂಮು ಇರಲೇಬೇಕು ಎಂದು ಇವರ ಊಹೆಯಂತೆ, ಕಣ್ಣಾರೆ ಕಂಡಿಲ್ಲವಂತೆ ಎಂದು ತಂಗಿಗೆ ಹಿಂದಿಯಲ್ಲಿ ತಿಳಿಸಿದರು. ನಾನು ಗಾಬರಿಯಿಂದ ತಿದ್ದಿಕೊಂಡೆ: “ಹೀ ಶುಡ್ ಆಲ್ರೆಡಿ ಹ್ಯಾವ್ ಇಟ್.” ಇಷ್ಟು ಹೊತ್ತಿಗೆ ಇರಬೇಕಾಗಿತ್ತು ಅನ್ನುತ್ತೀರಿ, ಹಾಗಾದರೆ ಯಾಕಿಲ್ಲ ಎಂದರು. “ಹೀ ಮೇ ಡೆಫಿನಿಟ್ಲಿ ಹ್ಯಾವ್ ಇಟ್ ಬೈ ದಿವಾಲಿ!” ಎಂದೆ. ಅವರು ಚಹಾದ ಕಪ್ಪನ್ನು ಕೆಳಗಿಟ್ಟು, ಮೇ ಅಂದರೆ ಬರಬಹುದು, ಡೆಫಿನಿಟ್ಲಿ ಅಂದರೆ ಖಂಡಿತ, ಎರಡರಲ್ಲಿ ಯಾವುದು ಎಂದು ಕೇಳಿದರು. ನನಗೂ ಅದೇ ಗೊತ್ತಾಗಬೇಕಾಗಿತ್ತು.

ರೂಮನ್ನು ಬಿಟ್ಟು ಅವರು ತಾಯಿತಂದೆಯ ವಿಷಯಕ್ಕೆ ಬಂದಾಗ ಬದುಕಿದೆ ಅನ್ನಿಸಿತು. ಊರಲ್ಲಿ ನಮ್ಮ ಅತ್ತೆ ಗುಂಡುಕಲ್ಲಿನಂತೆ ಇದ್ದರು. ತಾಯಿ ಇನ್ನೂ ಇದ್ದಾರೆ ಎಂದು ಹೇಳಬೇಕು, ಹಿರಿಯರ ವಿಷಯ, ಸ್ವಲ್ಪ ಮರ್ಯಾದೆಯಿಂದ ಹೇಳಬೇಕು ಎಂದು ‘ಮೇ’ ಸೇರಿಸಿದೆ: “ಹೀ ಮೇ ಸ್ಟಿಲ್ ಹ್ಯಾವ್ ಎ ಮದರ್.”

ಸೋದರಮಾವನ ಮುಖ ಮೆತ್ತಗಾಯಿತು. ಅವರು ಶಾಂತಾಳ ಕಡೆ ತಿರುಗಿ ಮೃದುವಾಗಿ, “ಮಾತಾಜಿ ಕಬ್ ಸೆ ಬೀಮಾರ್ ಹೈ?” ಎಂದು ತಾಯಿಯ ಕಾಯಿಲೆ ವಿಚಾರಿಸಿದರು. ತಾಯಿ ಇನ್ನೂ ಬದುಕಿದ್ದರೂ ಇರಬಹುದು ಎಂದು ನಾನು ಹೇಳಿದ್ದೆನಂತೆ.

ಶಾಂತಾಳ ಮುಖ ಬಿಳುಪೇರಿತು. “ಊರಿಂದ ತಾರ ಬಂದೈತೇನ್ರಿ? ನನಗ್ಯಾಕ ಮುಚ್ಚಿಟ್ರಿ?” ಎಂದು ಸೆರಗು ಬಾಯಿಗೆ ಒತ್ತಿಕೊಂಡಳು. ಶಿವಾನಂದ ತಟ್ಟೆ ಹಿಡಿದುಕೊಂಡೇ ಎದ್ದು ನಿಂತ. “ಭಾವ, ಅವ್ವಗ ಏನಾಗೇತಿ?”

“ಏನೂ ಆಗಿಲ್ಲೋ! ಅತ್ತಿಯವರು ಆರಾಮ ಅದಾರ!”

“ಮತ್ತ ಇವರ್ಯಾಕ ಹಂಗ ಕೇಳ್ಯಾರ?” ಎಂದಳು ಶಾಂತಾ, ಅಳುತ್ತಲೇ.

“ನಾ ಮೇ ಹಾಕೀನಿ.”

“ಏನ್ ಹಾಕೀರಿ ನಮ್ಮವ್ವಗ?”

ಹುಡುಗಿಯ ತಾಯಿ ನೀರು ತಂದುಕೊಟ್ಟರು. ಮದುವೆ ಮುರಿಯಿತೆಂದೇ ನಾನು ತಿಳಿದೆ. ರೂಮಿಲ್ಲದವನು, ತಾಯಿಯ ಸುದ್ದಿಯೂ ಗೊತ್ತಿಲ್ಲದವನು ಎಂದು ಹೆಸರಾದ ಹುಡುಗನಿಗೆ ಈ ಊರಿನಲ್ಲಿ ಇನ್ನು ಯಾರು ಹೆಣ್ಣು ಕೊಡುತ್ತಾರೆ? ಅವನು ನಮ್ಮ ಅಡುಗೆಮನೆಯಲ್ಲೇ ಮುದುಕನಾಗುವ ಚಿತ್ರ ಕಣ್ಣಮುಂದೆ ಬಂತು.

ಅಷ್ಟರಲ್ಲಿ ಒಳಬಾಗಿಲಲ್ಲಿ ನಿಂತಿದ್ದ ವಿಮಲಾ ಮುಂದೆ ಬಂದಳು. ನನ್ನನ್ನಾಗಲಿ ಮಾವನನ್ನಾಗಲಿ ನೋಡದೆ ನೇರ ಶಿವಾನಂದನನ್ನು ಕೇಳಿದಳು: “ನಿಮಗೆ ರೂಮ್ ಇದೆ ಕ್ಯಾ?”

“ಇಲ್ರಿ” ಎಂದ ಶಿವಾನಂದ.

“ಕಬ್ ತಕ್ ಸಿಗ್ತದೆ?”

“ಗೊತ್ತಿಲ್ರಿ. ಮಾಲೀಕ ದೀಪಾವಳಿ ಅಂತಾನ. ಹೋದ ವರ್ಷಾನೂ ದೀಪಾವಳಿ ಅಂದಿದ್ದ.”

“ಆಯಿ ಇದ್ದಾರೆ ನಾ?”

“ಅವ್ವ ಅದಾಳ್ರಿ. ನನಗಿಂತ ಗಟ್ಟಿ ಅದಾಳ.”

“ಸಿಗರೇಟ್?”

ಅವನು ಅಕ್ಕನ ಕಡೆ ಒಮ್ಮೆ ನೋಡಿದ. “ಒಮ್ಮೊಮ್ಮೆ ಸೇದ್ತೀನ್ರಿ. ಅಕ್ಕಗ ಗೊತ್ತಿಲ್ಲ.”

ಅಕ್ಕ ಆಗಷ್ಟೇ ಕಣ್ಣು ಒರೆಸಿಕೊಂಡಿದ್ದಳು. ಆ ಕಣ್ಣನ್ನೇ ಈಗ ದೊಡ್ಡದು ಮಾಡಿದಳು. ವಿಮಲಾ ಮಾತ್ರ ನಕ್ಕುಬಿಟ್ಟಳು. ಆ ನಗೆಯ ಅರ್ಥ ಅವಳ ತಾಯಿಗೆ ತಿಳಿಯಿತು, ಶಿವಾನಂದನ ಕಿವಿಗಳಿಗೂ ತಿಳಿಯಿತು, ಎರಡೂ ಕೆಂಪಾದವು. ಅವಳು ಮಾವನ ಹತ್ತಿರ ಹೋಗಿ ಇಂಗ್ಲಿಷಿನಲ್ಲಿ ಏನೋ ಸರಸರ ಹೇಳಿದಳು. ಆ ಮಾತಿನಲ್ಲಿ ಒಂದು ಮೇ ಆಗಲಿ ಮಸ್ಟ್ ಆಗಲಿ ನನ್ನ ಕಿವಿಗೆ ಬೀಳಲಿಲ್ಲ.

ಸೋದರಮಾವ, ಹುಡುಗಿಗೆ ಒಪ್ಪಿಗೆಯಾದರೆ ತಮ್ಮ ಅಡ್ಡಿಯಿಲ್ಲ ಎಂದರು. ಹಾರ ಹಾಕಿಸಿಕೊಂಡವನಂತೆ ನಾನು ಹಿಂದಕ್ಕೆ ಒರಗಿದೆ. ಆಗ ಅವರು ನನ್ನ ಕಡೆಗೇ ತಿರುಗಿದರು. ರೂಮು ಸಿಗುವವರೆಗೆ ಇವರಿಬ್ಬರೂ ಎಲ್ಲಿರಬೇಕು? ನಿಮ್ಮ ಮನೆಯಲ್ಲಿ ಇಟ್ಟುಕೊಳ್ಳುತ್ತೀರಾ?

ಈ ಪ್ರಶ್ನೆಗೆ ತಕ್ಕ ಜೊತೆಗಾರ ನನ್ನ ಹತ್ತಿರ ತಯಾರಿದ್ದ. ಹಾರ್ಡ್ಲಿ! ‘ವಿ ಕುಡ್ ಹಾರ್ಡ್ಲಿ ಹ್ಯಾವ್ ದೆಮ್’ ಅಂದರೆ ಅದು ಆಗದ ಮಾತು ಎಂದು ಸಭ್ಯವಾಗಿ ಹೇಳಿದಂತೆ. ಪಿಂಟೊ ಮಾಸ್ತರರು ನನ್ನಿಂದ ಎಷ್ಟೋ ಸಲ ಹೇಳಿಸಿದ್ದ ಮಾತು. ಬಾಯಿ ತೆರೆದೆ. ‘ವಿ ಕುಡ್’ ಎಂಬಷ್ಟು ಹೊರಬಂತು. ಪಕ್ಕದಲ್ಲಿ ಶಾಂತಾ ನನ್ನನ್ನೇ ನೋಡುತ್ತಿದ್ದಳು. ಅಳು ಇನ್ನೂ ಪೂರ್ತಿ ಇಳಿದಿರದ ಕಣ್ಣು. ಆಚೆ ಬದಿಯಲ್ಲಿ ಶಿವಾನಂದ, ಮಾಲೀಕನ ಎದುರು ನಿಲ್ಲುವ ಹಾಗೆಯೇ ಕೈಕಟ್ಟಿ ನಿಂತಿದ್ದ. ನಾಲಿಗೆ ತನ್ನಷ್ಟಕ್ಕೆ ತಾನು ಹೊರಳಿತು.

“ವಿ ಕುಡ್ ಈಸಿಲಿ ಹ್ಯಾವ್ ದೆಮ್ ವಿತ್ ಅಸ್, ಸರ್.”

ಧಾರಾಳವಾಗಿ ಇಟ್ಟುಕೊಳ್ಳುತ್ತೇವೆ! ಸೋದರಮಾವ ಎದ್ದು ಬಂದು ಕೈ ಕುಲುಕಿದರು. ಮಧ್ಯಾಹ್ನದಿಂದ ನಾನು ಆಡಿದ್ದರಲ್ಲಿ ಇದೊಂದೇ ಸರಿಯಾದ ಇಂಗ್ಲಿಷ್, ಎಲ್ಲಿ ಕಲಿತಿರಿ ಎಂದು ಕೇಳಿದರು. ತಪ್ಪೇ ಇಲ್ಲದ ಆ ವಾಕ್ಯದಲ್ಲಿ ನಿಜವೂ ಇರಲಿಲ್ಲ ಎಂದು ಹೇಳಲು ನನಗೆ ಯಾವ ಭಾಷೆಯಲ್ಲೂ ಮಾತು ಹೊರಡಲಿಲ್ಲ.

ಮದುವೆಯಾಯಿತು. ದೀಪಾವಳಿಗಳು ಬಂದು ಹೋಗುತ್ತಿವೆ. ಪಕ್ಕದ ಗಲ್ಲಿಯ ಗೋಡೆಗಳ ಮೇಲೆ ಇನ್ನೂ ಆಕಾಶವೇ ಇದೆ. ಹೊಸ ಜೋಡಿಗೆ ಅಡುಗೆಮನೆ ಕೊಡಲಾಗುತ್ತದೆಯೇ ಎಂದು ಶಾಂತಾ ಅವರಿಗೆ ಕೋಣೆ ಬಿಟ್ಟುಕೊಟ್ಟು, ಮಕ್ಕಳೊಡನೆ ತಾನು ಅಡುಗೆಮನೆ ಸೇರಿದಳು. ಎಲ್ಲ ಮನೆಗಳ ಬಾಗಿಲ ಮುಂದೆ ಹಾಯುವ ಚಾಳಿನ ಗ್ಯಾಲರಿಯಲ್ಲಿ ನಾನು ಮಲಗುತ್ತೇನೆ. ನಸುಕಿನಲ್ಲಿ ನೀರಿಗೆ ಬರುವವರೆಲ್ಲ ನನ್ನನ್ನು ದಾಟಿಯೇ ಹೋಗುತ್ತಾರೆ. ಮೊನ್ನೆ ಹಾಸಿಗೆ ಸುತ್ತಿಕೊಂಡು ಹೊರಗೆ ಹೊರಟಾಗ ಶಾಂತಾ ಅಕ್ಕರೆಯಿಂದ ಹೇಳಿದಳು: “ಆವತ್ತ ನೀವು ಇಂಗ್ಲಿಷಿನ್ಯಾಗ ಏನೇನೋ ಮಾತಾಡಿದ್ರಿ, ಒಂದೂ ತಿಳೀಲಿಲ್ಲ. ಆದ್ರ ಕಡೀಕ ಒಂದು ಮಾತು ಆಡಿದ್ರಿ ನೋಡ್ರಿ, ಅದು ಮಾತ್ರ ಮನಸ್ಸಿನಿಂದ ಬಂದಿತ್ತು.”

ಹೌದೆಂದು ತಲೆಯಾಡಿಸಿ, ಮೆಟ್ಟಿಲಿನ ಕಡೆಗೆ ಕಾಲು ಮಾಡಿ ಮಲಗಿದೆ.