ಕೇಳದಿದ್ದರೆ ಔಟಿಲ್ಲ

ಪ್ರೆಸ್ಸಿನ ಪ್ರೂಫ್ ರೀಡರಿಗೆ ಎರಡು ಚಟ. ಕಣ್ಣಿಗೆ ಬಿದ್ದ ತಪ್ಪನ್ನು ತಿದ್ದದೆ ಬಿಡುವವರಲ್ಲ. ಟೀ ಹೊತ್ತಿಗೆ ಆಟದ ಮೂಲೆಮುಡುಕಿನ ನಿಯಮವೊಂದನ್ನು ಹೆಕ್ಕಿ ತಂದು ಪ್ರಶ್ನೆ ಕೇಳದೆ ಇರುವವರಲ್ಲ.

"ಫುಟ್‌ಬಾಲಲ್ಲಿ ಗೆರೆಯಾಚೆಯಿಂದ ಕೈಯಲ್ಲಿ ಎಸೆದ ಚೆಂಡು ಯಾರಿಗೂ ತಾಗದೆ ಎದುರಾಳಿ ಗೋಲಿಗೆ ಹೋದ್ರೆ?"

"ಗೋಲು!" ಎಂದು ಇಡೀ ಪ್ರೆಸ್ಸು ಕೂಗುತ್ತಿತ್ತು.

"ಅಲ್ಲ, ಗೋಲ್ ಕಿಕ್," ಎಂದು ಅವರು ನಿಧಾನವಾಗಿ ಟೀ ಹೀರುತ್ತಿದ್ದರು. ಎಲ್ಲರೂ ಅವರನ್ನು ಮಾಸ್ತರು ಎಂದು ಕರೆಯುತ್ತಿದ್ದುದು ಬರೀ ಗೇಲಿಗಲ್ಲ, ನಿಜವಾದ ಮೆಚ್ಚಿಕೆಯಿಂದಲೇ.

ಆದರೆ ದಡದಲ್ಲಿ ನಿಂತು ಈಜು ಹೇಳಿಕೊಡುವವರನ್ನು ನೀರಿಗೆ ಇಳಿಸುವವರು ಯಾರು? ಪ್ರತಿವರ್ಷ ಅಚ್ಚಿನ ವಿಭಾಗಕ್ಕೂ ಬೈಂಡಿಂಗಿನವರಿಗೂ ನಡೆಯುವ ಕ್ರಿಕೆಟ್ಟಿನಲ್ಲಿ ಅಚ್ಚಿನವರ ನೀರಿನ ಬಾಟಲಿ ಹೊರುವುದಷ್ಟೇ ಮಾಸ್ತರ ಪಾಲು. ಒಮ್ಮೆ ಬ್ಯಾಟು ಹಿಡಿದು ನಿಲ್ಲಬೇಕೆಂಬ ಆಸೆ ಎದೆಯಲ್ಲೇ ಕೂತು ಮುಪ್ಪಾಗುತ್ತಿತ್ತು.

ಈ ವರ್ಷ ಬೆಳಿಗ್ಗೆಯೇ ಮೆಷಿನ್ನಿನವನೊಬ್ಬ ಕಾಲು ಉಳುಕಿಸಿಕೊಂಡ. ಕ್ಯಾಪ್ಟನ್ ಆಗಿದ್ದ ಫೋರ್‌ಮನ್ ಸುತ್ತ ನೋಡಿದ. ಬಾಟಲಿ ಹಿಡಿದ ಮಾಸ್ತರು ಬಿಟ್ಟರೆ ಬೇರೆ ಗತಿಯಿರಲಿಲ್ಲ.

"ಮಾಸ್ತರೇ, ಕೊನೆಯವರಾಗಿ ಇಳೀರಿ. ಗೆಲ್ಲಿಸಿಬಿಟ್ರೆ ತಂಡದಲ್ಲಿ ನಿಮ್ ಜಾಗ ಕಾಯಂ!"

ಮಾಸ್ತರು ಇಳಿದಾಗ ಉಳಿದಿದ್ದು ಎರಡು ಚೆಂಡು, ಬೇಕಿದ್ದುದು ನಾಲ್ಕು ರನ್. ಮೊದಲ ಚೆಂಡಿಗೆ ಕಣ್ಣು ಮುಚ್ಚಿ ಬೀಸಿದರು. ಚೆಂಡು ಬ್ಯಾಟಿನ ಅಂಚು ಸವರಿ ಕೀಪರನ ಕೈ ಸೇರಿತು. ಸದ್ದು ಯಾರಿಗೂ ಕೇಳಲಿಲ್ಲ, ಯಾರೂ ಕೂಗಲಿಲ್ಲ. ಬೌಲರ್ ಗೊಣಗುತ್ತ ಹಿಂದಕ್ಕೆ ನಡೆದ.

ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

"ಚೂರಲ್ಲಿ ತಪ್ಪೋಯ್ತು ಮಾಸ್ತರೇ, ಬ್ಯಾಟಿಗೆ ತಾಗ್ಲೇ ಇಲ್ಲ," ಎಂದ ಕೀಪರ್.

ತಪ್ಪು! ಕಣ್ಣೆದುರೇ ತಪ್ಪು! ಮಾಸ್ತರ ಕೈ ತುರಿಸಿತು, ಬಾಯಿ ಅದಕ್ಕಿಂತ ಹೆಚ್ಚು.

"ತಾಗ್ತಲ್ಲಪ್ಪಾ! ಆದ್ರೆ ನೀವು ಅಪೀಲ್ ಮಾಡ್ಲಿಲ್ಲ. ಕೇಳದೆ ಅಂಪೈರ್ ಔಟ್ ಕೊಡೋ ಹಾಗಿಲ್ಲ. ಮುಂದಿನ ಚೆಂಡಿಗೆ ಬೌಲರ್ ಓಡೋಕೆ ಶುರು ಮಾಡೋವರೆಗೂ ಕೇಳಬಹುದು. ಎಷ್ಟು ಜನಕ್ಕೆ ಗೊತ್ತು ಹೇಳು ಇದು?"

"ಇನ್ನೊಬ್ಬನಿಗೆ ಗೊತ್ತಾಯ್ತು," ಎಂದು ಕೀಪರ್ ತಿರುಗಿ ಗಂಟಲು ಹರಿಯುವಂತೆ ಕೂಗಿದ, "ಹೌಸ್ ದಟ್!"

ಅಂಪೈರ್ ಆಗಿದ್ದ ವಾಚ್‌ಮನ್ ಮಾಸ್ತರ ಮುಖ ನೋಡಿದ. ಮಾಸ್ತರು ತಲೆಯಾಡಿಸಿದರು. ಬೆರಳು ಮೇಲೆದ್ದಿತು. ಫೋರ್‌ಮನ್ ತಲೆಯ ಮೇಲೆ ಕೈಹೊತ್ತು ಕೂತ. ಬಾಯಿಬಿಟ್ಟರೆ ಬಣ್ಣಗೇಡು ಅಂದುಕೊಳ್ಳುತ್ತ ಮಾಸ್ತರು ದಾಪುಗಾಲು ಹಾಕಿ ಹೊರಟರು.

ಆಗ ಬೈಂಡಿಂಗಿನ ಹಿರಿಯ ಕ್ಯಾಪ್ಟನ್ ಕೈಯೆತ್ತಿದ. "ಥೂ, ಇಂಥ ಮನುಷ್ಯನ್ನ ಔಟ್ ಮಾಡಿ ಗೆಲ್ಲೋದಾ? ನಮ್ ಅಪೀಲ್ ವಾಪಸ್!"

"ಹಂಗೆಲ್ಲ ತಗೋಬಹುದಾ?" ಎಂದ ವಾಚ್‌ಮನ್. ಎಲ್ಲರೂ ಮಾಸ್ತರತ್ತ ತಿರುಗಿದರು.

"ತಗೋಬಹುದು. ಕ್ಯಾಪ್ಟನ್ ಕೇಳಿ, ಅಂಪೈರ್ ಒಪ್ಪಿದ್ರೆ ಆಯ್ತು."

"ಒಪ್ಪಿದೆ!" ಎಂದ ವಾಚ್‌ಮನ್.

ಎರಡೂ ಕಡೆಯವರು ಕುಣಿದರು. ಫೋರ್‌ಮನ್ ಎದ್ದು ಓಡಿಬಂದ. ಮಾಸ್ತರು ಮಾತ್ರ ತಲೆತಗ್ಗಿಸಿ ತಮ್ಮ ಬೂಟನ್ನೇ ನೋಡುತ್ತಿದ್ದರು. ಬೌಂಡರಿಯ ಹಗ್ಗ ಬೆನ್ನ ಹಿಂದಿತ್ತು. ಅದನ್ನು ಕಂಡವರು ಅವರೊಬ್ಬರೇ.

"ಆದ್ರೆ," ಎಂದರು ಸಣ್ಣ ದನಿಯಲ್ಲಿ, "ಔಟಾದವನು ಮೈದಾನ ದಾಟೋ ಮುಂಚೆ ತಗೋಬೇಕು. ನಾನು ದಾಟಿಬಿಟ್ಟಿದೀನಿ."

ಆಗ ಅವರಿಗೆ ಬಿದ್ದಷ್ಟು ಚಪ್ಪಾಳೆ ಗೆದ್ದವರಿಗೂ ಬೀಳಲಿಲ್ಲ. ಬೈಂಡಿಂಗಿನವರೇ ಅವರನ್ನು ಹೆಗಲ ಮೇಲೆ ಹೊತ್ತು ಮೈದಾನ ಸುತ್ತಿಸಿದರು. ಸೋತ ಫೋರ್‌ಮನ್ನನ ಕಣ್ಣೂ ಒದ್ದೆಯಾಗಿತ್ತು. ಅವನು ವಾಚ್‌ಮನ್ನನ ಬಿಳಿ ಟೋಪಿ ಕಸಿದು ಮಾಸ್ತರ ತಲೆಗೆ ಇಟ್ಟ.

"ನಿಮ್ಮಂಥೋರು ಇನ್ನೊಬ್ರು ಸಿಗಲ್ಲ ಮಾಸ್ತರೇ! ಇನ್ಮೇಲೆ ಪ್ರತಿವರ್ಷ ನೀವೇ ಅಂಪೈರು!"

ಮಾಸ್ತರು ಟೋಪಿ ಮುಟ್ಟಿ ನೋಡಿಕೊಂಡರು. "ಮತ್ತೆ... ನನ್ನ ಬ್ಯಾಟಿಂಗು?"

"ಅಂಪೈರ್ ಆದವರು ಬ್ಯಾಟ್ ಹಿಡಿಯೋಕೆ ರೂಲ್ಸಲ್ಲಿ ಅವಕಾಶ ಇದೆಯಾ? ನೀವೇ ಹೇಳಿ."

ಎಲ್ಲರೂ ಉತ್ತರಕ್ಕೆ ಕಾದರು. ಮಾಸ್ತರಿಗೆ ಇಷ್ಟು ಸುಲಭದ ಪ್ರಶ್ನೆಯನ್ನು ಇದುವರೆಗೆ ಯಾರೂ ಕೇಳಿರಲಿಲ್ಲ.

"ಇಲ್ಲ," ಎಂದರು.