ಮದುಮಗಳ ಮುಖ

ಆ ಶನಿವಾರ ಶಂಭುವಿನ ಕಂಪ್ಯೂಟರು ಯಾರನ್ನೂ ಕೇಳದೆ ತನ್ನನ್ನು ತಾನೇ ಉದ್ಧಾರ ಮಾಡಿಕೊಂಡಿತು. ಬೆಳಿಗ್ಗೆ ಪುಂಜಾಲಕಟ್ಟೆಯಲ್ಲಿ ಅಪ್ಪನ ಕಾಲದಿಂದಲೂ ಇದ್ದ ತನ್ನ ಫೋಟೊ ಸ್ಟುಡಿಯೋದ ಶಟರ್ ಎತ್ತಿ ನೋಡಿದರೆ, ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡಿಗೆ ಹೊಸ ಡ್ರೈವರ್ ಹಾಕಿಕೊಂಡಾಯಿತು ಎಂದು ಪರದೆಯ ಮೂಲೆಯಲ್ಲಿ ಒಂದು ಸಾಲು ಕಾಣುತ್ತಿತ್ತು. ಡ್ರೈವರ್ ಎಂದರೆ ಇಲ್ಲಿ ಗಾಡಿ ಬಿಡುವವನಲ್ಲ. ಕಾರ್ಡು ಹೇಳಿದ್ದನ್ನು ಕಂಪ್ಯೂಟರಿಗೂ, ಕಂಪ್ಯೂಟರು ಹೇಳಿದ್ದನ್ನು ಕಾರ್ಡಿಗೂ ಮುಟ್ಟಿಸುವ ದಲ್ಲಾಳಿ. ಹಳೆಯ ದಲ್ಲಾಳಿ ನಿಧಾನದವನು, ಆದರೆ ಸಂಬಂಧ ಕೆಡಿಸಿದವನಲ್ಲ. ಹೊಸಬ ಬಂದದ್ದೇ ಎರಡೂ ಕಡೆಯವರಿಗೆ ಮಾತು ನಿಂತಿತು. ಸ್ವಲ್ಪ ದೊಡ್ಡ ಕೆಲಸ ಕೊಟ್ಟರೆ ಸಾಕು, ಪರದೆ ಕಪ್ಪಾಗುತ್ತಿತ್ತು.

ಬೇರೆ ದಿನವಾಗಿದ್ದರೆ ಶಂಭು ಕಂಪ್ಯೂಟರಿಗೆ ನಾಲ್ಕು ಬೈದು ಚಾ ಕುಡಿಯಲು ಹೋಗುತ್ತಿದ್ದ. ಆದರೆ ಅಂದು ಸಂಜೆಯೊಳಗೆ ಅವನು ಒಂದು ಹೆಣ್ಣುಮಗುವನ್ನು ಬೆಳೆಸಿ, ಮದುಮಗಳನ್ನಾಗಿ ಮಾಡಿ, ಅದರ ತಾಯಿಯ ಕೈಗೆ ಒಪ್ಪಿಸಬೇಕಿತ್ತು.

ಮಗು ಮುಂಡಪ್ಪಣ್ಣ ಮತ್ತು ಶಶಿಪ್ರಭಕ್ಕನದು. ಹೆಸರು ಪ್ರಫುಲ್ಲಾ. ವರ್ಷ ತುಂಬುವ ಹೊತ್ತಿಗೆ ಜ್ವರ ಬಂದು ತೀರಿಕೊಂಡಿತ್ತು. ಬದುಕಿದ್ದರೆ ಈಗ ಸುಮಾರು ಶಂಭುವಿನದೇ ಪ್ರಾಯ. ಈ ಕಡೆಯ ಜನ ಸತ್ತ ಮಕ್ಕಳನ್ನು ಮಕ್ಕಳಾಗಿಯೇ ಬಿಟ್ಟುಬಿಡುವುದಿಲ್ಲ. ಆಚೆ ಲೋಕದಲ್ಲಿ ಅವರಿಗೂ ಪ್ರಾಯ ಬರುತ್ತದೆ, ಮದುವೆಯಾಗದ ಕೊರಗು ಅವರನ್ನೂ ಕಾಡುತ್ತದೆ ಎಂಬ ನಂಬಿಕೆ ಇದೆ. ಹಾಗಾಗಿ ಎಳವೆಯಲ್ಲೇ ಹೋದ ಗಂಡು ಕೂಸೊಂದನ್ನು ಹುಡುಕಿ, ಹಿರಿಯರು ಕೂತು ಮಾತಾಡಿ, ಮಳೆಗಾಲದ ಆಟಿ ತಿಂಗಳಲ್ಲಿ ಕುಲೆ ಮದುವೆ, ಅಂದರೆ ಸತ್ತವರ ಮದುವೆ, ಮಾಡುತ್ತಾರೆ. ಮದುಮಗಳ ಮಣೆಯ ಮೇಲಿಡುವ ಸೀರೆ, ಕರಿಮಣಿ, ದಿಬ್ಬಣ, ಊಟ ಎಲ್ಲ ಇರುತ್ತದೆ. ಮದುಮಕ್ಕಳು ಮಾತ್ರ ಇರುವುದಿಲ್ಲ. ಪ್ರಫುಲ್ಲಾಳಿಗೆ ಮೂಡುಬಿದಿರೆ ಕಡೆಯ ಸಂಬಂಧ ಕೂಡಿಬಂದು, ಭಾನುವಾರ ಮದುವೆಯೆಂದು ನಿಶ್ಚಯವಾಗಿತ್ತು.

ಎಡವಟ್ಟು ಮಾಡಿದ್ದು ಗಂಡಿನ ಕಡೆಯವರು. ನಾಲ್ಕು ತಿಂಗಳಿಗೇ ಕಣ್ಣುಮುಚ್ಚಿದ ತಮ್ಮ ಹುಡುಗನ ಫೋಟೊವನ್ನು ಅಲ್ಲಿಯ ಸ್ಟುಡಿಯೋದಲ್ಲಿ ಕೊಟ್ಟು, ಕಂಪ್ಯೂಟರಿನಲ್ಲಿ ಪ್ರಾಯ ಬರಿಸಿ, ವಾಟ್ಸ್ಯಾಪಿನಲ್ಲಿ ಕಳಿಸಿಬಿಟ್ಟಿದ್ದರು. ಕೋಟು, ಟೈ, ತೆಳ್ಳಗಿನ ಮೀಸೆ. ಯಾವುದೋ ಬ್ಯಾಂಕಿನ ಮ್ಯಾನೇಜರನಂತಿದ್ದ.

ಶಶಿಪ್ರಭಕ್ಕ ಹಿಂದಿನ ದಿನ ಸ್ಟುಡಿಯೋಕ್ಕೆ ಬಂದು, ಸೆರಗಿನೊಳಗಿಂದ ಅಂಗೈಯಗಲದ ಕಪ್ಪು ಬಿಳುಪು ಫೋಟೊ ತೆಗೆದು ಮೇಜಿನ ಮೇಲಿಟ್ಟಿದ್ದರು. ಫ್ರಾಕು ತೊಟ್ಟು, ಕೆನ್ನೆಗೊಂದು ದೃಷ್ಟಿಬೊಟ್ಟು ಇಡಿಸಿಕೊಂಡ ಗುಂಡು ಮಗು.

"ಹುಡುಗ ಚಂದ ಉಂಟು ಶಂಭು. ಅವನ ಪಕ್ಕದಲ್ಲಿ ನನ್ನ ಮಗಳು ಬರೀ ಸೀರೆಯಾಗಿ ಇರುವುದು ಬೇಡ. ಒಂದು ಸಲ ಅವಳ ದೊಡ್ಡಾದ ಮುಖ ನೋಡಿ ಕೊಟ್ಟುಬಿಡ್ತೇನೆ."

ಒಂದು ಷರತ್ತನ್ನೂ ಹಾಕಿದ್ದರು. ಫೋಟೊವನ್ನು ಮೊಬೈಲಿಗೆ, ಇಂಟರ್ನೆಟ್ಟಿಗೆ ಹಾಕಕೂಡದು. ಹೆಣ್ಣುಮಕ್ಕಳ ಫೋಟೊ ಯಾರ ಯಾರ ಕೈಗೋ ಸಿಗುವ ಕಾಲ ಇದು. ಸತ್ತು ಮೂವತ್ತಾರು ವರ್ಷವಾದ ಮಗಳ ಮಾನ ಕಾಯುವ ಆ ತಾಯಿಯ ಮುಂದೆ ಶಂಭುವಿಗೆ ನಗು ಬರಲಿಲ್ಲ. ಆಗಲಿ ಎಂದು ತಲೆಯಾಡಿಸಿದ. ಪ್ರಾಯ ಬರಿಸುವ ಸಾಫ್ಟ್‌ವೇರು ಅವನ ಕಂಪ್ಯೂಟರಿನಲ್ಲೇ ಇತ್ತು.

ಶನಿವಾರ ಬೆಳಿಗ್ಗೆ ಫೋಟೊ ಸ್ಕ್ಯಾನ್ ಮಾಡಿ ಸಾಫ್ಟ್‌ವೇರಿಗೆ ಕೊಟ್ಟ. ಮಗು ಎದ್ದು ನಿಂತಿತು, ಶಾಲೆಗೆ ಹೋಯಿತು, ಎರಡು ಜಡೆ ಹಾಕಿಕೊಂಡಿತು. ಹದಿನೈದಕ್ಕೆ ಬರುವಾಗ ಪರದೆ ಕಪ್ಪು. ಮತ್ತೆ ಮೊದಲಿನಿಂದ. ಮತ್ತೆ ಹದಿನೈದಕ್ಕೆ ಕಪ್ಪು. ಪ್ರತಿ ಸಲವೂ ಹುಡುಗಿಯ ಮುಖ ಒಂದಿಷ್ಟು ಬೇರೆಯಾಗಿರುತ್ತಿತ್ತು, ಸಾಯುವ ಪ್ರಾಯ ಮಾತ್ರ ಒಂದೇ. ಮೂರನೆಯ ಸಲ ಶಂಭು ಮೌಸಿನಿಂದ ಕೈ ತೆಗೆದ. ಒಂದೇ ಮಗುವನ್ನು ಎಷ್ಟು ಸಲ ಸಾಯಿಸುವುದು?

ಪಕ್ಕದ ಮೊಬೈಲ್ ಅಂಗಡಿಯ ಫಯಾಝ್ ಬಂದ. ಅವನಿಗೆ ತಿಳಿಯದ ಯಂತ್ರವಿಲ್ಲ, ಅವನು ಮುಟ್ಟಿದ ಮೇಲೆ ಮೊದಲಿನಂತೆ ಉಳಿದ ಯಂತ್ರವೂ ಇಲ್ಲ. ಹೊಸ ಡ್ರೈವರನ್ನು ಬೇರುಸಮೇತ ಕಿತ್ತು ಹಳೆಯದನ್ನು ಹಾಕಬೇಕು ಎಂದ. ಕಿತ್ತ. ಬೇರಿನೊಂದಿಗೆ ಮಣ್ಣೂ ಬಂತು. ಪರದೆಯ ಮೇಲೆ ಅಕ್ಷರಗಳು ಹಲಸಿನ ಬೀಜದ ಗಾತ್ರಕ್ಕೆ ಬೆಳೆದು ನಿಂತವು. ಹಳೆಯ ಡ್ರೈವರ್ ಹಾಕಿ ಅವನ್ನು ಹೇಗೋ ಕುಗ್ಗಿಸಿದ. ಈ ಸಲ ಪ್ರಫುಲ್ಲಾ ಹನ್ನೊಂದಕ್ಕೇ ಹೋದಳು.

ಎದುರಿನ ಹೋಟೆಲಿನ ಕುಶಾಲಪ್ಪ ಭುಜದ ಮೇಲೆ ಬೈರಾಸು ಹಾಕಿಕೊಂಡೇ ಒಳಗೆ ಬಂದು, ಬಹಳ ಹೊತ್ತು ಪರದೆ ನೋಡಿದ.

"ಇದು ಮಿಷನಿನ ದೋಷ ಅಲ್ಲ. ಹುಡುಗಿಗೆ ಮನಸ್ಸಿಲ್ಲ. ಪ್ರಾಯಕ್ಕೆ ಬರುವಾಗ ಹಿಂದೆ ಸರೀತಾಳೆ ನೋಡಿ."

ಫಯಾಝ್ ಅದನ್ನು ಒಪ್ಪಲಿಲ್ಲ. ಕಾರ್ಡೇ ಮುದಿಯಾಗಿದೆ, ಹೊಸತು ತರುವುದೇ ದಾರಿ ಎಂದ. ಶಂಭುವಿಗೂ ದೆವ್ವಕ್ಕಿಂತ ಕಾರ್ಡು ಸುಲಭವೆಂದು ತೋರಿತು. ಕಂಪ್ಯೂಟರಿನ ಪೆಟ್ಟಿಗೆಯನ್ನೇ ಎತ್ತಿಕೊಂಡು ಬಂಟ್ವಾಳದ ಬಸ್ಸು ಹತ್ತಿದ. ಮಳೆ ಬರುತ್ತಿತ್ತು. ರೈನ್‌ಕೋಟನ್ನು ಪೆಟ್ಟಿಗೆಗೆ ತೊಡಿಸಿ ತಾನು ನೆನೆದ. ಮಗುವಿಗೆ ಹುಷಾರಿಲ್ಲವಾ ಎಂದು ಪಕ್ಕದ ಸೀಟಿನ ಹೆಂಗಸು ಕೇಳಿದಳು. ಇವನು ಹೌದು ಎಂದ.

ಬಂಟ್ವಾಳದಲ್ಲಿ ಕಂಪ್ಯೂಟರ್ ಅಂಗಡಿಯ ಲತೇಶ್ ಕಾರ್ಡು ತೋರಿಸುವ ಮೊದಲು ಶಂಭುವಿನ ಕುಲಗೋತ್ರ ವಿಚಾರಿಸಿದ. ಮದರ್‌ಬೋರ್ಡು ಯಾವುದು? ಕರೆಂಟು ಹಂಚುವ ಎಸ್‌ಎಂಪಿಎಸ್ ಎಷ್ಟು ವ್ಯಾಟಿನದು? ಕ್ಯಾಬಿನೆಟ್ಟಿನ ಒಳಗೆ ಉದ್ದ ಎಷ್ಟುಂಟು? ಗಾಳಿ ಹೋಗಿ ಬರಲು ದಾರಿ ಉಂಟಾ? ಶಂಭು ಇಂಥ ಪ್ರಶ್ನೆಗಳನ್ನು ಹೆಣ್ಣು ನೋಡಲು ಹೋದಲ್ಲೆಲ್ಲ ಎದುರಿಸಿದವನು. ಮನೆ ಆರ್‌ಸಿಸಿಯಾ, ಹಂಚಾ? ಸ್ಟುಡಿಯೋ ಸ್ವಂತದ್ದಾ, ಬಾಡಿಗೆಯದಾ? ಬೆಳ್ತಂಗಡಿಯಿಂದ ಬಂಟ್ವಾಳದವರೆಗೆ ಯಾರದೇ ಮದುವೆಯಿರಲಿ, ಫೋಟೊ ತೆಗೆಯಲು ಅವನು ಬೇಕು. ಅವನ ಮದುವೆಗೆ ಮಾತ್ರ ಯಾರೂ ಒಪ್ಪಿರಲಿಲ್ಲ. ಇಲ್ಲಿಯೂ ತಲೆ ತಗ್ಗಿಸಿ ನಿಂತ.

ಕಡೆಗೆ ಲತೇಶನೇ ಪೆಟ್ಟಿಗೆ ಬಿಚ್ಚಿ ನೋಡಿ ನಿಟ್ಟುಸಿರುಬಿಟ್ಟ. ಒಳ್ಳೆಯ ಕಾರ್ಡು ಹಾಕಬಹುದು, ಆದರೆ ಅದರ ಹೊಟ್ಟೆಗೆ ಈ ಎಸ್‌ಎಂಪಿಎಸ್ ಸಾಲದು. ಎಸ್‌ಎಂಪಿಎಸ್ ಬದಲಿಸಬಹುದು, ಆದರೆ ಕಾರ್ಡು ಉದ್ದ, ಪೆಟ್ಟಿಗೆ ಗಿಡ್ಡ. ಪೆಟ್ಟಿಗೆ ಬದಲಿಸುವುದಾದರೆ ಈ ಓಬೀರಾಯನ ಕಾಲದ ಬೋರ್ಡನ್ನು ಇಟ್ಟುಕೊಳ್ಳುವುದರಲ್ಲಿ ಅರ್ಥವಿಲ್ಲ. ಹೀಗೆ ಒಂದೊಂದಾಗಿ ಬದಲಿಸುತ್ತ ಹೋಗಿ ಕೊನೆಗೆ ಹಳೆಯದರಲ್ಲಿ ಉಳಿದದ್ದು ಕೀಬೋರ್ಡು ಮತ್ತು ಶಂಭು. ಅಷ್ಟು ಅನುಕೂಲ ಇಲ್ಲವೆಂದು ಹೇಳಿ, ಕಾರ್ಡು ಮತ್ತು ಎಸ್‌ಎಂಪಿಎಸ್ ಮಾತ್ರ ಕಡದಲ್ಲಿ ತೆಗೆದುಕೊಂಡ. ಪೆಟ್ಟಿಗೆಯ ವಿಷಯ ಊರಿಗೆ ಹೋಗಿ ನೋಡುವ ಎಂದುಕೊಂಡ.

ಊರಿಗೆ ಬಂದು ನೋಡಿದರೆ ಕಾರ್ಡಿನ ಮೂತಿ ನಾಲ್ಕು ಬೆರಳು ಹೊರಗೆ ಉಳಿಯಿತು. ಫಯಾಝ್ ಎಲ್ಲಿಂದಲೋ ಗರಗಸ ತಂದು ಪೆಟ್ಟಿಗೆಯ ಒಳಗಿನ ತಗಡನ್ನು ಕೊಯ್ದ. ಆ ಸದ್ದಿಗೆ ಬಸ್ಸಿಗೆ ಕಾಯುತ್ತಿದ್ದವರೂ ಬಂದು ನೋಡಿ ಸಲಹೆ ಕೊಟ್ಟು ಹೋದರು. ಕಾರ್ಡು ಕೂತಿತು. ಅದಕ್ಕೆ ಅದರದ್ದೇ ಡ್ರೈವರ್ ಬೇಕು. ಫಯಾಝನ ಮೊಬೈಲಿನ ನೆಟ್ಟಿನಲ್ಲಿ ಅದು ಇಳಿಯುವಾಗ ಮಧ್ಯಾಹ್ನದ ಊಟದ ಹೊತ್ತು ಕಳೆದೇ ಹೋಯಿತು. ಕೊನೆಗೆ ಪ್ರಫುಲ್ಲಾ ಹದಿನೈದನ್ನು ದಾಟಿದಳು. ಹದಿನೆಂಟಕ್ಕೆ ಬಂದಳು. ಮೂವರೂ ಉಸಿರು ಹಿಡಿದರು. ಪರದೆ ಕಪ್ಪಾಯಿತು.

"ನಾನು ಹೇಳ್ಲಿಲ್ಲವಾ?" ಎಂದ ಕುಶಾಲಪ್ಪ. "ಅವಳಿಗೆ ಮನಸ್ಸಿಲ್ಲ."

ಈ ಮಾತು ಮುಗಿಯುವುದಕ್ಕೂ ಬಾಗಿಲಲ್ಲಿ ಕೊಡೆ ಮಡಚುವ ಸದ್ದಾಗುವುದಕ್ಕೂ ಸರಿಹೋಯಿತು. ಮುಂಡಪ್ಪಣ್ಣ, ಶಶಿಪ್ರಭಕ್ಕ ಬಂದು ನಿಂತಿದ್ದರು. ಮಾತು ಅಕ್ಕನ ಕಿವಿಗೆ ಬಿದ್ದಿತ್ತು.

"ಯಾರಿಗೆ ಮನಸ್ಸಿಲ್ಲ?"

ಶಂಭು ತಡವರಿಸುತ್ತ ಕಾರ್ಡು, ಡ್ರೈವರ್, ಬಿಸಿ ಎಂದೆಲ್ಲ ಹೇಳಿದ. ಶಶಿಪ್ರಭಕ್ಕ ಅದೊಂದನ್ನೂ ಕೇಳಿಸಿಕೊಳ್ಳಲಿಲ್ಲ. ಅವರ ಮುಖ ನೋಡಲಾಗುತ್ತಿರಲಿಲ್ಲ. ಮಗಳು ಒಲ್ಲೆ ಎನ್ನುತ್ತಿದ್ದರೆ ನಾಳೆಯ ಮದುವೆ ನಿಲ್ಲಿಸಬೇಕು. ನಿಲ್ಲಿಸಿದರೆ ಈ ಜನ್ಮದಲ್ಲಿ ಮತ್ತೆ ಮಗಳ ಮದುವೆಯಿಲ್ಲ. ಅವರು ಸ್ಟೂಲನ್ನು ಎಳೆದುಕೊಂಡು ಕಪ್ಪು ಪರದೆಯ ಎದುರಿಗೆ ಕೂತರು.

"ಇನ್ನೊಂದು ಸಲ ಮಾಡು ಶಂಭು."

ಫಯಾಝ್ ಗಿರಾಕಿಗಳಿಗೆ ಇಟ್ಟಿದ್ದ ಟೇಬಲ್ ಫ್ಯಾನ್ ತಂದು, ತೆರೆದ ಪೆಟ್ಟಿಗೆಯ ಹೊಟ್ಟೆಗೆ ಮುಖಮಾಡಿ ಇಟ್ಟ. ಕುಶಾಲಪ್ಪ ಎರಡು ಊದುಬತ್ತಿ ಹಚ್ಚಿದ. ಶಂಭು ಗುಂಡಿ ಒತ್ತಿದ. ಮಗು ಎದ್ದಿತು, ನಡೆಯಿತು, ಜಡೆ ಹಾಕಿಕೊಂಡಿತು. ಹದಿನೆಂಟಕ್ಕೆ ಬರುವಾಗ ಪರದೆ ಒಮ್ಮೆ ನಡುಗಿತು. ಶಶಿಪ್ರಭಕ್ಕ ಕೈ ಚಾಚಿ ಗಾಜನ್ನು ಮುಟ್ಟಿದರು.

"ಬಲ ಮಗಾ, ಬಾ. ಹೆದರ್ಬೇಡ. ನಾನಿದ್ದೇನಲ್ಲ, ಬಾ."

ಮಗಳು ಬಂದಳು. ಇಪ್ಪತ್ತೈದರ ಹೆಣ್ಣು, ಮಲ್ಲಿಗೆ ಮುಡಿದು, ಹಸಿರು ಸೀರೆಯುಟ್ಟು, ಏನೋ ಹೇಳಲು ಹೊರಟು ನಾಚಿ ಸುಮ್ಮನಾದವಳ ಹಾಗೆ ನಗುತ್ತಿದ್ದಳು. ಶಶಿಪ್ರಭಕ್ಕ ಅಳಲಿಲ್ಲ. ತುಂಬ ಹೊತ್ತು ನೋಡಿ, ಮೂಗು ನಮ್ಮ ಅತ್ತೆಯದು ಎಂದರು. ಹಣೆ ಮುಂಡಪ್ಪನದೇ ಎಂದ ಕುಶಾಲಪ್ಪ. ಶಂಭು ಮಾತ್ರ ಪರದೆಯಿಂದ ಕಣ್ಣು ತೆಗೆಯದೆ ನಿಂತ. ಈ ನಗುವನ್ನು ಎಲ್ಲಿ ನೋಡಿದ್ದೇನೆ ಎಂದು ನೆನಪಾಗಲಿಲ್ಲ. ಬೆಳಿಗ್ಗೆಯಿಂದ ಹೊಟ್ಟೆಗಿಲ್ಲದ್ದಕ್ಕೆ ಹೀಗೆಂದುಕೊಂಡು ಪ್ರಿಂಟ್ ತೆಗೆದ. ಗೆದ್ದದ್ದು ಫ್ಯಾನು ಎಂದು ಫಯಾಝನೂ ಊದುಬತ್ತಿ ಎಂದು ಕುಶಾಲಪ್ಪನೂ ಹೇಳಿಕೊಂಡರು. ಲತೇಶ್ ಫೋನು ಮಾಡಿ, ನಮ್ಮ ಕಾರ್ಡು ಹೇಗೆ ಎಂದು ಕೇಳಿದ.

ಫೋಟೊವನ್ನು ಸೆರಗಿನೊಳಗೆ ಇಟ್ಟುಕೊಂಡ ಶಶಿಪ್ರಭಕ್ಕ ಬಾಗಿಲವರೆಗೆ ಹೋಗಿ ತಿರುಗಿದರು.

"ಇನ್ನು ಅದನ್ನು ಕಂಪ್ಯೂಟರಿನಲ್ಲಿ ಇಟ್ಟುಕೊಳ್ಬೇಡ ಮಗಾ. ಕೊಟ್ಟ ಹೆಣ್ಣು. ನನ್ನ ಎದುರೇ ಅಳಿಸಿಬಿಡು."

ಶಂಭು ಅಳಿಸಿದ. ಕಸದ ಬುಟ್ಟಿಯಲ್ಲಿ ಇನ್ನೂ ಇರುತ್ತದೆ ಎಂದು ಫಯಾಝ್ ಅದನ್ನೂ ಖಾಲಿ ಮಾಡಿ ಅಕ್ಕನಿಗೆ ತೋರಿಸಿದ. ಅವನು ಯಾವ ಕೆಲಸವನ್ನೂ ಅರ್ಧಕ್ಕೆ ಬಿಡುವವನಲ್ಲ. ಆಮೇಲೆ ಅವನೂ ಕುಶಾಲಪ್ಪನೂ ತಂತಮ್ಮ ಅಂಗಡಿಗೆ ಹೋದರು.

ಹೆಂಡತಿಯನ್ನು ರಿಕ್ಷಾದಲ್ಲಿ ಕೂರಿಸಿ ಮುಂಡಪ್ಪಣ್ಣ ಒಬ್ಬರೇ ಹಿಂದಕ್ಕೆ ಬಂದರು. ಸ್ವರ ತಗ್ಗಿಸಿ ಮಾತಾಡಿದರು.

"ಒಂದು ಹೇಳ್ಬೇಕು ನಿನ್ನ ಹತ್ರ. ಪ್ರಫುಲ್ಲಾಳ ಫೋಟೊ ನಾವು ತೆಗೆಸಿರ್ಲೇ ಇಲ್ಲ. ಮಗು ಹೋದ ಮೇಲೆ ಇವಳು ಅನ್ನ ಮುಟ್ಲಿಲ್ಲ. ಒಂದು ಫೋಟೊವಾದ್ರೂ ಇದ್ದಿದ್ರೆ ಅಂತ ಅದೇ ಮಾತು. ನಾನು ಇಲ್ಲಿಗೆ ಬಂದು ನಿನ್ನ ಅಪ್ಪನ ಎದುರು ಕಣ್ಣೀರು ಹಾಕಿದೆ. ಅವರು ಶೋಕೇಸಿನಿಂದ ಇದನ್ನು ತೆಗ್ದು ಕೊಟ್ರು. ಯಾರ ಮಗು ಅಂತ ಕೇಳಿದ್ದಕ್ಕೆ, ನಮ್ಮ ಶಂಭುವೇ, ತಾಯಿಯ ಆಸೆಗೆ ಫ್ರಾಕು ಹಾಕಿಸಿದ್ದು, ಕೊಂಡೋಗಿ ಅಂದ್ರು."

ಶಂಭು ಹೊರಗಿನ ರಿಕ್ಷಾದ ಕಡೆ ನೋಡಿದ. "ಅಕ್ಕನಿಗೆ ಗೊತ್ತುಂಟಾ?"

"ಅವಳು ನೋಡಿದ್ಲು, ಎದೆಗೆ ಒತ್ತಿಕೊಂಡ್ಲು. ಏನೂ ಕೇಳ್ಲಿಲ್ಲ. ನಾನೂ ಇಷ್ಟರವರೆಗೆ ಕೇಳ್ಲಿಲ್ಲ."

ಶಂಭುವಿಗೆ ಮೊದಲು ಬಂದದ್ದು ನಗು. ಊರಿನವರ ಮದುವೆ ಫೋಟೊ ತೆಗೆದು ತೆಗೆದು ತಲೆ ನರೆತವನಿಗೆ ಅಂತೂ ಒಂದು ಸಂಬಂಧ ಕೂಡಿಬಂತು. ವರನಿಗೆ ಮೀಸೆ ಉಂಟು, ಜೀವ ಇಲ್ಲ. ಆದರೆ ನಗು ಅರ್ಧಕ್ಕೇ ನಿಂತಿತು. ಆ ಮಗು ತಾನಾದರೆ, ಹಸಿರು ಸೀರೆಯ ಆ ಹೆಣ್ಣು ಯಾರು?

ಅವನ ತಾಯಿ ತೀರಿಕೊಂಡಾಗ ಅವನಿನ್ನೂ ಶಾಲೆಗೆ ಸೇರಿರಲಿಲ್ಲ. ತಾಲೂಕಿನ ಹೆಂಗಸರನ್ನೆಲ್ಲ ನಗಿಸಿ ಫೋಟೊ ತೆಗೆದ ಅಪ್ಪ, ತನ್ನ ಹೆಂಡತಿಯನ್ನು ಒಂದು ದಿನ ಕ್ಯಾಮೆರಾದ ಎದುರು ಕೂರಿಸಿದವನಲ್ಲ. ಮನೆಯಲ್ಲಿದ್ದದ್ದು ಮದುವೆಯ ಒಂದೇ ಫೋಟೊ, ಅದರಲ್ಲಿ ಆಕೆ ತಲೆ ತಗ್ಗಿಸಿ ನಿಂತಿದ್ದಾಳೆ. ಮಲ್ಲಿಗೆ ಬಿಟ್ಟರೆ ಏನೂ ಕಾಣುವುದಿಲ್ಲ. ಅಮ್ಮನ ಮುಖ ಎಷ್ಟು ನೆನಪಿಸಿಕೊಂಡರೂ ಅವನಿಗೆ ಬರುತ್ತಿರಲಿಲ್ಲ. ಇಂದು ಅದೇ ಮುಖ ಅವನನ್ನು ನೋಡಿ ನಕ್ಕಿತ್ತು, ಅವನು ಅದನ್ನು ತನ್ನ ಕೈಯಾರೆ ಅಳಿಸಿದ್ದ.

ಹೇಳಿದರೆ ರಿಕ್ಷಾದಲ್ಲಿ ಕೂತ ಹೆಂಗಸಿಗೆ ಮಗಳು ಇಲ್ಲವಾಗುತ್ತಾಳೆ. ಹೇಳದಿದ್ದರೆ ತನಗೆ ತಾಯಿ. ಶಂಭು ಹೇಳಲಿಲ್ಲ.

"ನಾಳೆ ನಾನೂ ಬರ್ತೇನೆ ಮುಂಡಪ್ಪಣ್ಣ. ಮೂಲೆಯಲ್ಲಿ ನಿಂತು ಒಂದು ಸಲ ನೋಡಿ ಬರ್ತೇನೆ."

ಮುಂಡಪ್ಪಣ್ಣ ಅವನ ಭುಜದ ಮೇಲೆ ಕೈಯಿಟ್ಟರು. ಅವರಿಗೆ ನಿಜಕ್ಕೂ ಬೇಸರವಾಗಿತ್ತು.

"ನಿನಗೆ ಮದುವೆ ಆಗ್ಲಿಲ್ಲವಲ್ಲ ಮಾರಾಯ. ಮದುವೆ ಆಗದವರು ಕುಲೆ ಮದುವೆ ನೋಡ್ಲಿಕ್ಕಿಲ್ಲ."

"ಆಮೇಲೆ ಫೋಟೊ?"

"ಅದು ಗಂಡಿನ ಮನೆಗೆ. ಅಲ್ಲಿ ಗೋಡೆಗೆ ಹಾಕ್ತಾರಂತೆ."

ರಿಕ್ಷಾ ಹೋಯಿತು. ಶಂಭು ಒಳಗೆ ಬಂದು ಸ್ಟೂಲಿನ ಮೇಲೆ ಕೂತ. ಅಳಿಸಿದ್ದು ಮದುಮಗಳನ್ನು ಮಾತ್ರ, ಮಗುವಿನ ಸ್ಕ್ಯಾನು ಇನ್ನೂ ಇತ್ತು. ಗುಂಡಿ ಒತ್ತಿದ. ಮಗು ಎದ್ದಿತು, ನಡೆಯಿತು, ಹದಿನೆಂಟನ್ನು ತಡೆಯಿಲ್ಲದೆ ದಾಟಿ ಇಪ್ಪತ್ತೈದಕ್ಕೆ ಬಂದು ನಿಂತಿತು. ಉದ್ದ ಮುಖದ ಬೇರೆ ಯಾರೋ. ಮತ್ತೆ ಒತ್ತಿದ. ಈ ಸಲ ಬಂದವಳ ಕಣ್ಣು ಬೇರೆ. ಮತ್ತೆ ಒತ್ತಿದ. ಫ್ಯಾನು ತಿರುಗುತ್ತಿತ್ತು, ಡ್ರೈವರಿಗೂ ಕಾರ್ಡಿಗೂ ಈಗ ಒಳ್ಳೆಯ ಹೊಂದಾಣಿಕೆಯಾಗಿತ್ತು. ಒಬ್ಬಳ ಹಿಂದೆ ಒಬ್ಬಳು ಚಂದದ ಮದುಮಗಳು ಬಂದು ಅವನನ್ನು ನೋಡಿ ನಗುತ್ತಿದ್ದಳು, ಅವನಿಗೆ ಯಾರ ಗುರುತೂ ಹತ್ತಲಿಲ್ಲ. ಕಂಪ್ಯೂಟರು ಒಂದು ಸಲವೂ ನಿಲ್ಲಲಿಲ್ಲ.